ಕೇಳುವ ವಿದ್ಯೆ

ಹಾಡಿದವರ ಜೀವನಕಥೆಗಳನ್ನು ನಾವೆಲ್ಲರೂ ಓದಿದ್ದೇವೆ. ಗುರುವನ್ನು ಅರಸಿ ಊರೂರು ಅಲೆದವರು, ಹಸಿವು ನಿದ್ರೆಗಳನ್ನು ಲೆಕ್ಕಿಸದೆ ಸಾಧನೆ ಮಾಡಿದವರು, ಕೊನೆಗೆ ಸಾವಿರಾರು ಜನರ ಮುಂದೆ ಕುಳಿತು ಕೀರ್ತಿ ಪಡೆದವರು, ಇಂಥವರ ವೃತ್ತಾಂತಗಳು ನಮಗೆ ಪ್ರಿಯವಾಗಿವೆ. ಆದರೆ ಆ ಸಾವಿರಾರು ಜನರಲ್ಲಿ ಒಬ್ಬನಾಗಿ ಮೂಲೆಯಲ್ಲಿ ಕುಳಿತು ಕೇಳಿದವನಿಗೂ ಒಂದು ಕಥೆಯಿರುತ್ತದೆ. ಅದನ್ನು ಬರೆಯುವವರು ಕಡಿಮೆ. ನಾನು ಅಂಥ ಒಬ್ಬ ಕೇಳುಗ. ಹಾಡುಗಾರನಾಗಬೇಕೆಂದು ಹೊರಟು, ಆಗಲಾರದೆ, ಕೇಳುಗನಾಗಿ ಉಳಿದವನು. ಹಾಗೆ ಉಳಿದದ್ದು ಸೋಲಲ್ಲವೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು.

ನಾನು ಹುಟ್ಟಿ ಬೆಳೆದದ್ದು ಧಾರವಾಡ ಜಿಲ್ಲೆಯ ಕುಂದಗೋಳಕ್ಕೆ ನಾಲ್ಕು ಮೈಲು ದೂರದ ಒಂದು ಚಿಕ್ಕ ಹಳ್ಳಿಯಲ್ಲಿ. ಕರಿಮಣ್ಣಿನ ನೆಲ, ಹತ್ತಿ, ಜೋಳ, ಮೆಣಸಿನಕಾಯಿ ನಮ್ಮ ಬೆಳೆಗಳು. ತಂದೆಯವರಿಗೆ ಆರು ಎಕರೆ ಹೊಲವಿತ್ತು. ಮನೆಯಲ್ಲಿ ಸಂಗೀತ ಕಲಿತವರು ಯಾರೂ ಇರಲಿಲ್ಲ. ತಾಯಿ ಬೀಸುವಾಗ ಹೇಳುತ್ತಿದ್ದ ಹಾಡುಗಳು, ಶ್ರಾವಣ ಮಾಸದಲ್ಲಿ ಗುಡಿಯಲ್ಲಿ ನಡೆಯುತ್ತಿದ್ದ ಭಜನೆ, ಇವೇ ನಾನು ಕೇಳಿದ ಮೊದಲ ಸಂಗೀತ.

ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಅದರ ಧ್ವನಿ ನಮ್ಮ ಹಳ್ಳಿಯನ್ನು ಮುಟ್ಟಿದ್ದು ಏಳೆಂಟು ವರ್ಷಗಳ ಅನಂತರ, ಊರ ಚಾವಡಿಗೆ ಒಂದು ರೇಡಿಯೋ ಬಂದಾಗ. ಊರಿಗೆ ಇನ್ನೂ ವಿದ್ಯುತ್ತು ಬಂದಿರಲಿಲ್ಲ; ಅದು ಬ್ಯಾಟರಿಯಿಂದ ನಡೆಯುವ ಪೆಟ್ಟಿಗೆ. ಸಂಜೆ ರೈತರ ಕಾರ್ಯಕ್ರಮ, ಪೇಟೆಯ ಧಾರಣೆ, ವಾರ್ತೆ, ಇವಿಷ್ಟನ್ನು ಹಿರಿಯರು ಕೇಳುತ್ತಿದ್ದರು. ವಾರ್ತೆ ಮುಗಿದು ತಂಬೂರಿಯ ನಾದ ಕೇಳಿಬರುತ್ತಿದ್ದಂತೆಯೇ ಚಾವಡಿಯ ಓಲೇಕಾರನು ಎದ್ದು ಗುಂಡಿಯನ್ನು ತಿರುಗಿಸಿಬಿಡುತ್ತಿದ್ದನು. ಬ್ಯಾಟರಿ ಉಳಿಸಬೇಕೆಂಬುದು ಅವನ ಧರ್ಮ. ಆ ನಾದವು ಆರಂಭವಾಗುವುದಕ್ಕೂ ಅವನ ಕೈ ಗುಂಡಿಯನ್ನು ಮುಟ್ಟುವುದಕ್ಕೂ ನಡುವೆ ಇದ್ದ ಕೆಲವು ಕ್ಷಣಗಳಿಗಾಗಿ ನಾನು ಪ್ರತಿದಿನ ಚಾವಡಿಯ ಕಟ್ಟೆಯ ಮೇಲೆ ಕಾದು ಕುಳಿತಿರುತ್ತಿದ್ದೆ. ಒಂದು ದಿನ ಧೈರ್ಯಮಾಡಿ, "ಕಾಕಾ, ಇನ್ನೊಂದ ಸ್ವಲ್ಪ ಇರಲಿ" ಎಂದೆ. ಅವನು ನನ್ನ ಮುಖವನ್ನು ನೋಡಿ ನಕ್ಕು, "ಚಾವಡಿ ಕಸಾ ನೀ ಹೊಡೀತೀಯೇನು?" ಎಂದನು. ಮರುದಿನದಿಂದ ಚಾವಡಿಯ ಕಸ ನನ್ನ ಪಾಲಿಗೆ ಬಂದಿತು. ಕಾಲುಗಂಟೆಯ ಸಂಗೀತವೂ ಬಂದಿತು.

ಕುಂದಗೋಳವು ಸಂಗೀತಕ್ಕೆ ಹೆಸರಾದ ಊರು. ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರರು 1886ರಲ್ಲಿ ಧಾರವಾಡದ ಸಮೀಪದ ಅಮ್ಮಿನಬಾವಿಯಲ್ಲಿ ಹುಟ್ಟಿದರೂ ಬೆಳೆದದ್ದು ಇಲ್ಲಿಯೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತ ವಿದ್ಯೆಯನ್ನು ಅವರು ಈ ನೆಲದಲ್ಲಿ ಬಿತ್ತಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಧ್ವನಿಮುದ್ರಿಕೆಯಲ್ಲಿ ಕೇಳಿ ಮನಸೋತು, ಹನ್ನೊಂದರ ಎಳೆಯ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆಬಿಟ್ಟರು. ಉತ್ತರದ ಊರುಗಳನ್ನು ಸುತ್ತಿ ಬಂದು, ಕೊನೆಗೆ ಸವಾಯಿ ಗಂಧರ್ವರ ಬಳಿ ನಿಂತರು. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ, ಅವರ ಸ್ಮರಣೆಗಾಗಿ ಕುಂದಗೋಳದ ನಾಡಿಗೇರರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತಿತ್ತು.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಮನೆಯಲ್ಲಿ ಯಾರಿಗೂ ಹೇಳದೆ ಆ ಸಂಗೀತವನ್ನು ಕೇಳಲು ಹೊರಟೆ. ರಾತ್ರಿ ಊಟವಾಗಿ ಎಲ್ಲರೂ ಮಲಗಿದ ಮೇಲೆ ಕಂಬಳಿ ಹೊದ್ದು ನಾಲ್ಕು ಮೈಲು ನಡೆದೆ. ವಾಡೆಯ ಒಳಗೆ ಕಾಲಿಡಲು ಸ್ಥಳವಿರಲಿಲ್ಲ. ಹುಬ್ಬಳ್ಳಿಯ ವಕೀಲರು, ಅಂಗಡಿಕಾರರು, ಶಾಲೆಯ ಮಾಸ್ತರರು, ಹೊಲದಿಂದ ನೇರವಾಗಿ ಬಂದ ರೈತರು ಒಬ್ಬರಿಗೊಬ್ಬರು ಒತ್ತಿ ಕುಳಿತಿದ್ದರು. ಕೇಳಲು ಬಂದವರನ್ನು ಯಾರೆಂದು ಯಾರೂ ವಿಚಾರಿಸಲಿಲ್ಲ. ನಾನು ಪಾದರಕ್ಷೆಗಳನ್ನು ಬಿಟ್ಟಿದ್ದ ಜಾಗದಲ್ಲಿ ಮುದುಡಿ ಕುಳಿತೆ. ಒಬ್ಬರಾದ ಮೇಲೊಬ್ಬರು ಹಾಡಿದರು. ನಡುನಡುವೆ ನಿದ್ರೆ ಬಂದು ನನ್ನನ್ನು ಎಳೆಯುತ್ತಿತ್ತು. ಯಾವುದೋ ಸ್ವರ ಬಂದು ಎಬ್ಬಿಸುತ್ತಿತ್ತು.

ಬೆಳಗಿನ ಜಾವದಲ್ಲಿ ಒಂದು ಗಂಭೀರವಾದ, ಬಲವಾದ ಕಂಠ ಕೇಳಿಬಂದಿತು. ಯಾರೋ ಹಿರಿಯ ಗಾಯಕರಿರಬೇಕೆಂದು ನಾನು ತಲೆಯೆತ್ತಿ ನೋಡಿದರೆ, ವೇದಿಕೆಯ ಮೇಲೆ ಸೆರಗನ್ನು ಹೊದ್ದು ಕುಳಿತಿದ್ದವರು ಚಿಕ್ಕ ಆಕೃತಿಯ ಒಬ್ಬ ತಾಯಿ. ಗಂಗೂಬಾಯಿಯವರು ಭೈರವ ರಾಗವನ್ನು ಹಾಡುತ್ತಿದ್ದರು. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಮುಟ್ಟಿ, ಅದರ ಮೇಲೆ ನಿಂತು, ಅನಂತರ ಮುಂದಿನ ಸ್ವರಕ್ಕೆ ಹೋಗುತ್ತಿದ್ದರು. ನೇಗಿಲು ಹೂಡಿದ ರೈತನು ಒಂದು ಸಾಲು ಮುಗಿಯುವವರೆಗೆ ಇನ್ನೊಂದು ಸಾಲಿನ ಯೋಚನೆ ಮಾಡುವುದಿಲ್ಲವಲ್ಲ, ಹಾಗೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಕಂಠವು ಹೀಗೆ ಗಡುಸಾಯಿತೆಂದೂ, ಎದೆಗುಂದದೆ ಅವರು ಆ ಗಡಸುತನವನ್ನೇ ತಮ್ಮ ಶಕ್ತಿಯನ್ನಾಗಿ ಮಾಡಿಕೊಂಡರೆಂದೂ ನನಗೆ ತಿಳಿದುದು ಮುಂದೆ.

ಆಗಲೇ ಹಿಂದಿನಿಂದ ಒಂದು ಕೈ ನನ್ನ ಹೆಗಲ ಮೇಲೆ ಬಿದ್ದಿತು. ತಿರುಗಿ ನೋಡಿದರೆ ತಂದೆಯವರು! ನಡುರಾತ್ರಿಯಲ್ಲಿ ನನ್ನ ಹಾಸಿಗೆ ಬರಿದಾಗಿರುವುದನ್ನು ಕಂಡು ಊರೆಲ್ಲ ಹುಡುಕಿ, ಓಲೇಕಾರನ ಮಾತಿನಿಂದ ಸುಳಿವು ಹಿಡಿದು ಬಂದಿದ್ದರು. ಅವರ ಕೈಯಲ್ಲಿ ಬಾರುಕೋಲಿತ್ತು. ನಾನು ಹೆದರಿ ಏಳಲು ಹೋದೆ. ಅವರು ವೇದಿಕೆಯ ಕಡೆಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ಕುಂಡ್ರು. ಹಾಡು ಮುಗೀಲಿ" ಎಂದು ಮೆಲ್ಲನೆ ಹೇಳಿ ನನ್ನ ಪಕ್ಕದಲ್ಲಿಯೇ ಕುಳಿತರು. ಹಾಡು ಮುಗಿಯುವವರೆಗೆ ಅವರು ಮಾತನಾಡಲಿಲ್ಲ. ಮನೆಗೆ ಹಿಂದಿರುಗುವಾಗಲೂ ಹೆಚ್ಚಿಗೆ ಮಾತನಾಡಲಿಲ್ಲ. ಊರ ಹತ್ತಿರ ಬಂದಾಗ ಮಾತ್ರ, "ನಿನಗೂ ಹಂಗ ಹಾಡಬೇಕು ಅನಸ್ತದೇನು?" ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಎರಡು ವರ್ಷಗಳ ಮೇಲೆ, 1962ರಲ್ಲಿ, ತಂದೆಯವರು ಮನೆಯ ಕೆಂದ ಆಕಳ ಕರುವನ್ನು ಸಂತೆಯಲ್ಲಿ ಮಾರಿ, ಬಂದ ಹಣದಿಂದ ನನ್ನನ್ನು ಹುಬ್ಬಳ್ಳಿಯ ಒಬ್ಬ ಸಂಗೀತ ಮಾಸ್ತರರ ಬಳಿ ಪಾಠಕ್ಕೆ ಸೇರಿಸಿದರು. ನಾನು ಕುಂದಗೋಳದ ಪ್ರೌಢಶಾಲೆಯಲ್ಲಿ ಓದುತ್ತಿದ್ದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ಪಾಠ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದೆ. ಮಾಸ್ತರರು ಕಟ್ಟುನಿಟ್ಟಿನವರು. ಮೊದಲ ಎರಡು ತಿಂಗಳು ಷಡ್ಜವೊಂದನ್ನೇ ಹಿಡಿಸಿದರು, ಅನಂತರ ಅಲಂಕಾರಗಳು, ಆ ಮೇಲೆ ಯಮನ್ ರಾಗ. ನಾನು ಮನಸ್ಸಿಟ್ಟು ದುಡಿದೆ. ಹೊಲದಲ್ಲಿ ಹಕ್ಕಿ ಕಾಯುವಾಗಲೂ ಅಭ್ಯಾಸ ಬಿಡಲಿಲ್ಲ. ಆದರೆ ಅದೇ ಹೊತ್ತಿಗೆ ವಯೋಧರ್ಮದಂತೆ ನನ್ನ ದನಿ ಒಡೆಯಿತು; ಒಡೆದದ್ದು ಮತ್ತೆ ಕೂಡಲಿಲ್ಲ. ಮೇಲಿನ ಷಡ್ಜಕ್ಕೆ ಹೋದರೆ ಸೀಳುತ್ತಿತ್ತು. ಕೆಳಗೆ ಬಂದರೆ ಅಲುಗುತ್ತಿತ್ತು. ಗಂಗೂಬಾಯಿಯವರ ಕಂಠವೂ ಬದಲಾಗಿತ್ತಲ್ಲವೇ, ನನ್ನದೂ ಒಂದು ದಿನ ನಿಲ್ಲುವುದೆಂದು ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ಶನಿವಾರ ಮಾಸ್ತರರು ಪಾಠಕ್ಕೆ ಮೊದಲು ತಂಬೂರಿಯನ್ನು ಶ್ರುತಿ ಮಾಡುತ್ತಿದ್ದರು. ಮೊದಲನೆಯ ತಂತಿ ತುಸು ಇಳಿದಂತೆ ನನಗೆ ತೋರಿತು, ತಡೆಯಲಾರದೆ ಹೇಳಿಬಿಟ್ಟೆ. ಅವರು ಮತ್ತೆ ಮೀಟಿ ನೋಡಿ, ಬಿರಡೆಯನ್ನು ಕೂದಲೆಳೆಯಷ್ಟು ತಿರುವಿ ಸರಿಮಾಡಿದರು. ಬಹಳ ಹೊತ್ತು ಸುಮ್ಮನಿದ್ದು, "ನೋಡು ತಮ್ಮಾ, ನಿನ್ನ ಕಿವಿ ಭಾಳ ಚಲೋ ಅದ. ಆದರ ಈ ಕಂಠ ಹಾಡಾಕ ಆಗೂದಲ್ಲ. ಇನ್ನ ಮುಂದ ನಿಮ್ಮಪ್ಪನ ರೊಕ್ಕಾ ತಗೊಂಡರ ನನಗ ಪಾಪ ಹತ್ತತದ" ಎಂದರು. ಆ ತಿಂಗಳ ಹಣವನ್ನು ಹಿಂದಕ್ಕೆ ನನ್ನ ಕೈಯಲ್ಲಿಟ್ಟರು. ಆ ದಿನ ಆ ಮಾತು ನನಗೆ ಕ್ರೂರವೆನಿಸಿತು. ಅದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಯಾವ ಗುರುವೂ ಹೇಳಲಾರನೆಂದು ಇಂದು ಅನಿಸುತ್ತದೆ.

ಮನೆಗೆ ಬಂದು ನಾನು ಏನನ್ನೂ ಹೇಳಲಿಲ್ಲ. ಕರು ಹೋಗಿತ್ತು, ಕಂಠವೂ ಹೋಯಿತೆಂದು ಯಾವ ಬಾಯಿಂದ ಹೇಳಲಿ? ಮುಂದಿನ ಶನಿವಾರವೂ ಎಂದಿನಂತೆ ರೈಲು ಹತ್ತಿದೆ. ಹುಬ್ಬಳ್ಳಿಯ ಪೇಟೆಯಲ್ಲಿ ಗುರಿಯಿಲ್ಲದೆ ಅಲೆಯುತ್ತ ಒಂದು ರೇಡಿಯೋ ಅಂಗಡಿಯ ಮುಂದೆ ನಿಂತೆ. ಒಳಗೆ ಯಾರೋ ಧ್ವನಿಮುದ್ರಿಕೆ ಹಚ್ಚಿದ್ದರು. ಆ ಕಾಲದ ಒಂದು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷಗಳ ಹಾಡು ಮಾತ್ರ. ಅದು ಮಾಲಕಂಸ. ರಿಷಭ ಪಂಚಮಗಳಿಲ್ಲದ, ಐದೇ ಸ್ವರಗಳ ರಾಗ. ಆ ರಾಗಕ್ಕಾಗಿ ತಂಬೂರಿಯ ಮೊದಲ ತಂತಿಯನ್ನು ಪಂಚಮದ ಬದಲು ಮಧ್ಯಮಕ್ಕೆ ಇಳಿಸುತ್ತಾರೆಂಬುದನ್ನು ಯಾರೂ ಹೇಳದೆಯೇ ನನ್ನ ಕಿವಿ ಗುರುತಿಸಿತು. ನಾನು ಅಳುತ್ತ ನಿಂತಿದ್ದೆ, ಅಳುತ್ತಿದ್ದರೂ ಕೇಳುತ್ತಿದ್ದೆ. ಹೀಗೆ ನಾಲ್ಕು ಶನಿವಾರಗಳು ಕಳೆದವು.

ಐದನೆಯ ವಾರ ಎಲ್ಲವನ್ನೂ ತಂದೆಯವರ ಮುಂದೆ ಹೇಳಿ, ಮಾಸ್ತರರು ಹಿಂದಿರುಗಿಸಿದ ಹಣವನ್ನು ಅವರ ಮುಂದಿಟ್ಟೆ. ಅವರು ಹತ್ತಿ ಬಿಡಿಸುತ್ತ ಕುಳಿತಿದ್ದರು. ಕೈ ನಿಂತಿತು. "ಕರಾ ಹೋತು ಅಂತ ನನಗ ಕೆಟ್ಟ ಅನಸಿಲ್ಲ. ಒಂದ ತಿಂಗಳ ನನ್ನ ಮುಂದ ಸುಳ್ಳ ಹೇಳಿದೆಲ್ಲ, ಅದು ಕೆಟ್ಟ ಅನಸ್ತದ" ಎಂದರು. ನಾನು ತಲೆ ತಗ್ಗಿಸಿದೆ. ಮತ್ತೆ ಹತ್ತಿಯನ್ನು ಕೈಗೆತ್ತಿಕೊಂಡು ಅವರೇ ಮುಂದುವರಿಸಿದರು: "ಎಲ್ಲಾರೂ ಹಾಡಾಕ ಕುಂತರ ಕೇಳೋರು ಯಾರು? ಆ ಮಾಸ್ತರು ನಿನ್ನ ಕಿವಿ ಚಲೋ ಅದ ಅಂದಾರ. ಅದನ್ನ ಹಾಳ ಮಾಡಬ್ಯಾಡ."

ಅಂದಿನಿಂದ ನನ್ನ ಎರಡನೆಯ ವಿದ್ಯಾಭ್ಯಾಸ ಆರಂಭವಾಯಿತೆನ್ನಬಹುದು. ಹಾಡುವುದಕ್ಕೆ ಸಾಧನೆ ಬೇಕಾದಂತೆ ಕೇಳುವುದಕ್ಕೂ ಸಾಧನೆ ಬೇಕು. ಶನಿವಾರ ರಾತ್ರಿ ದೆಹಲಿಯಿಂದ ಪ್ರಸಾರವಾಗುತ್ತಿದ್ದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮಕ್ಕೆ ಓಲೇಕಾರನು ಈಗ ಚಾವಡಿಯ ಕೀಲಿಯನ್ನೇ ನನಗೆ ಕೊಡುತ್ತಿದ್ದನು. ಮೊದಮೊದಲು ತಾನುಗಳ ವೇಗವೇ ನನ್ನನ್ನು ಸೆಳೆಯುತ್ತಿತ್ತು. ಕ್ರಮೇಣ, ಗಾಯಕನು ಯಾವ ಸ್ವರವನ್ನು ಹಾಡುತ್ತಾನೆಂಬುದರ ಜೊತೆಗೆ ಯಾವುದನ್ನು ಬೇಕೆಂದೇ ತಡೆದಿಡುತ್ತಾನೆಂಬುದನ್ನೂ ಗಮನಿಸತೊಡಗಿದೆ. ತಾಳದ ಆವರ್ತವನ್ನು ಬೆರಳಿನಲ್ಲಿ ಎಣಿಸುತ್ತಿದ್ದವನು, ಎಣಿಸದೆಯೇ ಸಮ್ ಬರುವುದನ್ನು ನಿರೀಕ್ಷಿಸುವುದನ್ನು ಕಲಿತೆ.

1970ರಲ್ಲಿ ನನಗೆ ಧಾರವಾಡದಲ್ಲಿ ಶಿಕ್ಷಕನ ಕೆಲಸ ದೊರೆಯಿತು. ಸಂಬಳದಲ್ಲಿ ಉಳಿಸಿ ಮೊದಲು ಕೊಂಡ ವಸ್ತು ಒಂದು ರೇಡಿಯೋ. ಅದಕ್ಕೆ ಅಂಚೆ ಕಚೇರಿಯಲ್ಲಿ ಪರವಾನಗಿ ಮಾಡಿಸಬೇಕಾಗಿದ್ದ ಕಾಲ ಅದು. ಧಾರವಾಡವು ಆಗ ಮಲ್ಲಿಕಾರ್ಜುನ ಮನಸೂರರ ಊರು. ಹತ್ತಿರದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಜಯಪುರ ಘರಾಣೆಯ ವಿದ್ಯೆಯನ್ನು ಪಡೆದ ಅವರು ಅಪರೂಪದ ರಾಗಗಳ ಭಂಡಾರವೇ ಆಗಿದ್ದರು. ಎಷ್ಟೋ ಬೆಳಗುಗಳಲ್ಲಿ ಅವರ ಶಿವಮತ ಭೈರವವನ್ನು ಕೇಳಿ ನಾನು ಶಾಲೆಗೆ ಹೋಗಿದ್ದೇನೆ. ಅವರ ಹಾಡಿನಲ್ಲಿ ಒಂದು ಸ್ವರಪುಂಜವು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ಹೇಳುವುದೇ ಕಷ್ಟ. ಹೂಮಾಲೆಯಲ್ಲಿ ನೂಲು ಕಾಣದಂತೆ.

ಮುಪ್ಪಿನಲ್ಲಿ ತಂದೆಯವರು ನನ್ನ ಮನೆಗೆ ಬಂದು ನೆಲೆಸಿದರು. ರಾಗಗಳ ಹೆಸರು ಅವರಿಗೆ ತಿಳಿಯುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವ ಹಂಬಲವೂ ಇರಲಿಲ್ಲ. ಆದರೆ ಬೆಳಗಿನ ಭೈರವ ಕೇಳಿಬಂದರೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದರು. ಒಂದು ಬೆಳಿಗ್ಗೆ ಶಾಲೆಗೆ ಹೊತ್ತಾಯಿತೆಂದು ನಾನು ರೇಡಿಯೋ ಆರಿಸಲು ಹೋದಾಗ, ಅವರು ಕಣ್ಣು ತೆರೆಯದೆಯೇ ಕೈಯೆತ್ತಿ ತಡೆದರು. ಚಾವಡಿಯ ಓಲೇಕಾರನ ಕೈಯನ್ನು ತಡೆಯಲೆಳಸಿದ ಹುಡುಗನೇ ಈಗ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದನು. ನನಗೆ ನಾಚಿಕೆಯಾಯಿತು. ಆ ದಿನ ಶಾಲೆಗೆ ತಡವಾಗಿ ಹೋದೆ.

ಇಂದು ಆ ಮಹನೀಯರು ಯಾರೂ ಇಲ್ಲ. ಮನಸೂರರು 1992ರಲ್ಲಿಯೂ, ಗಂಗೂಬಾಯಿಯವರು 2009ರಲ್ಲಿಯೂ, ಭೀಮಸೇನ ಜೋಶಿಯವರು 2011ರಲ್ಲಿಯೂ ನಮ್ಮನ್ನು ಅಗಲಿದರು. ನನ್ನ ತಂದೆಯವರು ಅವರೆಲ್ಲರಿಗಿಂತ ಮೊದಲೇ ಹೋದರು. ಆದರೆ ಅವರ ಧ್ವನಿಗಳು ಉಳಿದಿವೆ. 1937ರಲ್ಲಿಯೇ ತೀರಿಹೋದ ಅಬ್ದುಲ್ ಕರೀಂ ಖಾನರ ಕಂಠವನ್ನು ಕೂಡ ಅಂಗೈಯಗಲದ ಫೋನಿನಲ್ಲಿ ಬೇಕೆಂದಾಗ ಕೇಳಬಹುದು. ಬ್ಯಾಟರಿ ಉಳಿಸಲು ಗುಂಡಿ ತಿರುಗಿಸುವ ಓಲೇಕಾರನಿಲ್ಲ. ಚಾವಡಿಯ ಕಸ ಗುಡಿಸುವ ಅಗತ್ಯವೂ ಇಲ್ಲ. ನನ್ನ ಮೊಮ್ಮಗಳು ಹೀಗೆಯೇ ಕೇಳುತ್ತಾಳೆ. ಕೆಲವೊಮ್ಮೆ ಅರ್ಧ ನಿಮಿಷದಲ್ಲಿಯೇ ಬೇಸರಪಟ್ಟು ಬೇರೊಂದನ್ನು ಹಚ್ಚಲು ಬೆರಳು ಚಾಚುತ್ತಾಳೆ. ಆಗ ನಾನು ಅವಳನ್ನು ಗದರಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಅವಳ ಪಕ್ಕದಲ್ಲಿ ಕುಳಿತು, ನನ್ನ ತಂದೆಯವರು ಅಂದು ಹೇಳಿದ ಮಾತನ್ನೇ ಹೇಳುತ್ತೇನೆ: "ಕುಂಡ್ರು. ಹಾಡು ಮುಗೀಲಿ."