ಗೋಡೆಗೆ ಕಣ್ಣು ಬಂದಾಗ

ಗೋಡೆಗೂ ಕಿವಿಯುಂಟು ಎಂಬುದು ಹಳೆಯ ಮಾತು. ಗುಟ್ಟನ್ನು ಮೆಲ್ಲನೆ ಆಡಬೇಕೆಂದು ಎಚ್ಚರಿಸುವುದಕ್ಕಾಗಿ ಹಿರಿಯರು ಅದನ್ನು ಹೇಳಿದರು. ನಮ್ಮ ಕಾಲಕ್ಕೆ ಗೋಡೆಗೆ ಕಣ್ಣೂ ಬಂದಿದೆ. ಹಿಂದೆ ಪೇಟೆಯ ಅಂಗಡಿಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕಾಣುತ್ತಿದ್ದ ಸಿ.ಸಿ. ಕ್ಯಾಮರಾ ಈಗ ಹಳ್ಳಿಯ ಮನೆಗಳ ಮಾಡಿನ ಕೆಳಗೂ ಬಂದು ಕುಳಿತಿದೆ. ಅದು ನಿದ್ರಿಸುವುದಿಲ್ಲ, ಸಂಬಳ ಕೇಳುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಮಾರುವವರು ಹೊಗಳುತ್ತಾರೆ. ಮೊದಲ ಎರಡು ಮಾತುಗಳನ್ನು ನಾನು ಒಪ್ಪುತ್ತೇನೆ. ಮೂರನೆಯದನ್ನು ಕುರಿತು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಹಳ್ಳಿಯಲ್ಲಿದೆ. ಸುತ್ತಲೂ ಅಡಿಕೆಯ ತೋಟ, ನಡುವೆ ಅಂಗಳ. ಕೊಯ್ದ ಹಣ್ಣಡಿಕೆ ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿದ ಮೇಲೆಯೇ ಸುಲಿಯುವುದಕ್ಕೆ ಯೋಗ್ಯವಾಗುತ್ತದೆ. ವರ್ಷದ ದುಡಿಮೆಯೆಲ್ಲ ಅಷ್ಟು ದಿನ ಆಕಾಶದ ಕೆಳಗೆ ಹರಡಿಕೊಂಡಿರುತ್ತದೆ. ಹಗಲಿನಲ್ಲಿ ನಾನು ಶಾಲೆಗೆ, ನಮ್ಮ ಮನೆಯವರು ಪೇಟೆಗೆ. ಮನೆಯಲ್ಲಿ ಉಳಿಯುವವರು ಎಪ್ಪತ್ತು ದಾಟಿದ ಅತ್ತೆಯೊಬ್ಬರೇ. ಎರಡು ಸಲ ಅಡಿಕೆ ಕಳವಾದ ಮೇಲೆ ನನ್ನ ಮೈದುನನು ಒಂದು ಕ್ಯಾಮರಾವನ್ನು ತಂದು ಅಂಗಳದ ಮೂಲೆಯ ಕಂಬಕ್ಕೆ ಹಾಕಿಸಿದನು. ಅದರ ಕಣ್ಣಿಗೆ ಅಂಗಳವೂ ಗೇಟೂ ಬೀಳುತ್ತಿದ್ದುವು; ಗೇಟಿನಾಚೆ ನಮಗೂ ನೆರೆಮನೆಗೂ ನಡುವೆ ಹರಿಯುವ ಮಳೆನೀರಿನ ಕಣಿಯ ಒಂದು ತುಂಡೂ ಬೀಳುತ್ತಿತ್ತು.

ನಮ್ಮ ವ್ಯಾಜ್ಯಕ್ಕೆ ಆ ಕಣಿಯೇ ಮೂಲ. ನೆರೆಕರೆಯವರೆಂದರೆ ಮದುವೆಗೆ ಚಪ್ಪರ ಹಾಕುವವರು, ಸಾವಿಗೆ ಹೆಗಲು ಕೊಡುವವರು ಎಂಬುದು ನಮ್ಮ ಕಡೆಯ ರೂಢಿ. ಈ ಒಂದು ಮನೆಯವರೊಡನೆ ಮಾತ್ರ ಆ ಸಂಬಂಧ ಕೂಡಿಬರಲಿಲ್ಲ. ತೆಂಗಿನ ಮಡಲು ಬೇಲಿಯಾಚೆ ಬಿದ್ದರೆ ಒಂದು ಮಾತು, ನಮ್ಮ ಹಸು ಅವರ ಬೇಲಿಯನ್ನು ಮೂಸಿದರೆ ಇನ್ನೊಂದು ಮಾತು. ಆ ಮನೆಯ ಯಜಮಾನರು ಸಿಡುಕಿನವರು, ಗಂಟಲೂ ದೊಡ್ಡದು. ಮಳೆಗಾಲ ಬಂದಿತೆಂದರೆ ಕಣಿಯ ನೀರು ಯಾರ ಕಡೆಗೆ ಹರಿಯಬೇಕೆಂಬ ಜಗಳವೂ ತಪ್ಪದೆ ಬರುತ್ತಿತ್ತು.

2024ರ ಜುಲೈ ತಿಂಗಳಿನ ಒಂದು ಬೆಳಗ್ಗೆ ಎದ್ದು ನೋಡಿದರೆ ನಮ್ಮ ತೋಟದಲ್ಲಿ ಮೊಣಕಾಲೆತ್ತರ ನೀರು. ಕಣಿಯ ಬದು ಕಡಿದುಹೋಗಿತ್ತು. ಮೈದುನನು ಕ್ಯಾಮರಾದಲ್ಲಿ ಮುದ್ರಿತವಾದುದನ್ನು ತೆಗೆದು ನೋಡಿದನು. ಸುಮಾರು 40 ಸೆಕೆಂಡುಗಳ ದೃಶ್ಯ. ಹೊತ್ತು ನಸುಕಿನ ಐದು ಗಂಟೆ. ನೆರೆಮನೆಯ ಯಜಮಾನರು ಹಾರೆ ಹಿಡಿದು ಬಂದರು, ಬದುವನ್ನು ಕಡಿದರು, ನಮ್ಮ ಮನೆಯ ಕಡೆಗೆ ಮುಖ ತಿರುಗಿಸಿ ಮಲಯಾಳದಲ್ಲಿ ಬಿರುಸಾದ ಒಂದು ಮಾತನಾಡಿದರು. ಅವರ ಹಿಂದೆ ಕೊಡೆಯನ್ನೂ ಟಾರ್ಚನ್ನೂ ಹಿಡಿದು ನಿಂತಿದ್ದವಳು ಅವರ ಮಗಳು, ನಾಲ್ಕನೆಯ ತರಗತಿಯ ಹುಡುಗಿ. ಅವಳು ಮಲಯಾಳ ಮಾಧ್ಯಮದವಳು, ನಾನು ಕನ್ನಡ ಮಾಧ್ಯಮದ ಅಧ್ಯಾಪಿಕೆ. ನಮ್ಮ ಶಾಲೆಯಲ್ಲಿ ಮಾಧ್ಯಮಗಳು ಎರಡು, ಆಟದ ಅಂಗಳ ಒಂದೇ.

ಊರಿನ ವಾಟ್ಸಾಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದಾರೆ. ಮೈದುನನ ಬೆರಳು ಆಗಲೇ ಅಲ್ಲಿಗೆ ಹೋಗಿತ್ತು.

“ಅತ್ತಿಗೆ, ಊರವರೆಲ್ಲ ಒಮ್ಮೆ ನೋಡಲಿ. ಇನ್ನು ಆ ಮನುಷ್ಯ ತಲೆಯೆತ್ತಿ ನಡೆಯಬಾರದು” ಎಂದನು.

ಸಿಟ್ಟು ನನಗೂ ಬಂದಿತ್ತು. ಮುಳುಗಿದುದು ನಮ್ಮ ತೋಟ. ಆದರೂ ನಾನು ಅವನನ್ನು ತಡೆದೆನು. ತಡೆದುದಕ್ಕೆ ಮೂರು ಕಾರಣಗಳಿದ್ದುವು. ಅವುಗಳನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲನೆಯ ಕಾರಣ ಆ ಹುಡುಗಿ. ಬದುವನ್ನು ಕಡಿದವಳು ಅವಳಲ್ಲ. ತಂದೆ ಕರೆದರೆಂದು ಬಂದು ಕೊಡೆ ಹಿಡಿದು ನಿಂತಳು, ಅಷ್ಟೆ. ದೃಶ್ಯವನ್ನು ಹಂಚಿದರೆ ಮರುದಿನ ಶಾಲೆಯ ಮೆಟ್ಟಿಲನ್ನು ಹತ್ತಬೇಕಾದವಳು ಅವಳು. ಅವಳನ್ನು ನೋಡಿ ನಗುವವರಲ್ಲಿ ನನ್ನ ತರಗತಿಯ ಮಕ್ಕಳೂ ಇರುತ್ತಿದ್ದರು. ದೊಡ್ಡವರ ವ್ಯಾಜ್ಯ ಒಂದು ಮಳೆಗಾಲದಲ್ಲಿ ತೀರಬಹುದು. ಮೊಬೈಲಿನಿಂದ ಮೊಬೈಲಿಗೆ ಹೋದ ಮಗುವಿನ ಮುಖವನ್ನು ಯಾರೂ ಹಿಂದಕ್ಕೆ ತರಲಾರರು.

ಎರಡನೆಯದು ನಮ್ಮ ನೆಲಕ್ಕೆ ಸೇರಿದ ಕಾರಣ. ಒಂದೇ ದಿನದಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಇವೆಲ್ಲ ಕಿವಿಗೆ ಬೀಳುವ ನಾಡು ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ನಮ್ಮ ಹಿರಿಯರ ಮಾತಿನಲ್ಲಿ ಇನ್ನೂ ಇದೆ. ಇಂಥಲ್ಲಿ ಮಲಯಾಳದಲ್ಲಿ ಬೈದ ಒಬ್ಬರ ಚಿತ್ರವನ್ನು ಕನ್ನಡದ ಮನೆಯಿಂದ ಹೊರಗೆ ಬಿಟ್ಟರೆ ಏನಾಗಬಹುದು? ಮಧ್ಯಾಹ್ನದ ಹೊತ್ತಿಗೆ ಕಣಿಯ ಮಾತು ಯಾರಿಗೂ ನೆನಪಿರುತ್ತಿರಲಿಲ್ಲ. ಎರಡು ಭಾಷೆಗಳ ಜಗಳವೊಂದು ಹುಟ್ಟಿಕೊಂಡಿರುತ್ತಿತ್ತು. ಭಾಷೆಗಾಗಿ ನ್ಯಾಯ ಕೇಳಬೇಕಾದ ಸ್ಥಳಗಳು ನಮಗೆ ಬೇರೆ ಇವೆ. ಅಡಿಕೆ ತೋಟದ ನೀರಿನ ಮೇಲೆ ಆ ಭಾರವನ್ನು ಹೊರಿಸುವುದು ಕನ್ನಡಕ್ಕೆ ಮಾಡುವ ಉಪಕಾರವಲ್ಲ.

ಮೂರನೆಯದು ಕ್ಯಾಮರಾದ ಸ್ವಭಾವ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಕ್ಯಾಮರಾ ಕಾಣುವುದು ತನ್ನ ಚೌಕಟ್ಟಿನೊಳಗಿನದನ್ನು ಮಾತ್ರ. ನಮ್ಮಲ್ಲಿರುವಂಥದು ಚಲನೆ ಕಂಡಾಗ ಎಚ್ಚತ್ತು ಮುದ್ರಿಸಿಕೊಳ್ಳುತ್ತದೆ. ಆದುದರಿಂದ ಕೆಲಸ ಸಿಕ್ಕುತ್ತದೆ, ಕೆಲಸದ ಕಾರಣ ಸಿಕ್ಕುವುದಿಲ್ಲ. ಕತ್ತಲೆಯಲ್ಲಿ ಅದು ತೋರಿಸುವುದು ಬರಿಯ ಕಪ್ಪು ಬಿಳುಪು. ಗಡಿಯಾರವನ್ನು ಸರಿಯಾಗಿ ಇಡದಿದ್ದರೆ ಹೊತ್ತೂ ತಪ್ಪಾಗುತ್ತದೆ. ಕಾರ್ಡು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಕ್ಯಾಮರಾ ಸುಳ್ಳು ಹೇಳುವುದಿಲ್ಲವೆಂಬುದು ನಿಜವಿರಬಹುದು. ನಿಜವನ್ನು ಪೂರ್ತಿಯಾಗಿ ಹೇಳುವ ಶಕ್ತಿ ಅದಕ್ಕಿಲ್ಲ. ಅದರಲ್ಲಿ 40 ಸೆಕೆಂಡುಗಳನ್ನು ಕತ್ತರಿಸಿ ತೆಗೆದವರು ನಾವು. ಸಾಕ್ಷಿಯ ಬಾಯಿಂದ ಎಷ್ಟು ಮಾತು ಹೊರಡಬೇಕೆಂದು ಗೊತ್ತುಮಾಡಿದವರೂ ನಾವೇ ಆಗುತ್ತೇವೆ.

ಅಂದು ನಾವು ಆ ರಾತ್ರಿಯ ಮುದ್ರಣವನ್ನೆಲ್ಲ ಬೇರೊಂದು ಕಡೆ ಪ್ರತಿಮಾಡಿ ಇಟ್ಟೆವು. ವಾರ್ಡಿನ ಸದಸ್ಯರನ್ನು ಕರೆದೆವು. ನೆರೆಮನೆಯ ಯಜಮಾನರನ್ನೂ ಬರಹೇಳಿದೆವು. ಚಾವಡಿಯಲ್ಲಿ ಕುಳಿತು ಎಲ್ಲರೂ ಮೊದಲಿನಿಂದ ನೋಡಿದೆವು. ರಾತ್ರಿ ಎರಡೂವರೆಗೆ ಒಂದು ಟಾರ್ಚಿನ ಬೆಳಕು ಕಣಿಯ ಬದಿಯಲ್ಲಿ ಕೆಳಗೆ ಹೋಗಿ ಮರಳಿತು. ನಾಲ್ಕು ಗಂಟೆಗೆ ಅದೇ ಮನುಷ್ಯರು ಉದ್ದನೆಯ ಕೋಲನ್ನು ಹಿಡಿದು ಮತ್ತೆ ಹೋದರು. ಸದಸ್ಯರು ಎದ್ದು ಆ ದಾರಿಯಲ್ಲಿಯೇ ನಡೆದು ನೋಡಿ ಬಂದರು. ಕ್ಯಾಮರಾದ ಕಣ್ಣಿಗೆ ಬೀಳದಷ್ಟು ಕೆಳಗೆ, ದಾರಿಯ ಅಡಿಯ ಮೋರಿಯಲ್ಲಿ ಮಡಲುಗಳೂ ಕೆಸರೂ ಸಿಕ್ಕಿಕೊಂಡಿದ್ದುವು. ಕಟ್ಟಿನಿಂತ ನೀರು ಅವರ ಅಡುಗೆಮನೆಯೊಳಕ್ಕೆ ನುಗ್ಗಿತ್ತು.

“ಅದೆಲ್ಲ ಸರಿ. ಟೀಚರ ಮನೆಯ ಬಾಗಿಲನ್ನು ಒಮ್ಮೆ ತಟ್ಟಬಹುದಿತ್ತಲ್ಲ?” ಎಂದು ಸದಸ್ಯರು ಕೇಳಿದರು. ಯಜಮಾನರು ಉತ್ತರ ಕೊಡಲಿಲ್ಲ. ಬದುವನ್ನು ತಮ್ಮ ಖರ್ಚಿನಲ್ಲಿ ಕಟ್ಟಿಸಿಕೊಡಲು ಒಪ್ಪಿದರು. ಪ್ರತಿ ವರ್ಷವೂ ಮಳೆ ಹಿಡಿಯುವ ಮೊದಲು ಎರಡೂ ಮನೆಯವರು ಸೇರಿ ಮೋರಿಯನ್ನು ಬಿಡಿಸಬೇಕೆಂದು ತೀರ್ಮಾನವಾಯಿತು. ಹೊರಡುವಾಗ ಅವರು ಒಂದು ಮಾತು ಕೇಳಿದರು: “ಟೀಚರೇ, ಇದರಲ್ಲಿ ನಮ್ಮ ಬಾವಿಕಟ್ಟೆ ಕಾಣುತ್ತದೆಯೇ?” ಕಾಣುವುದಿಲ್ಲವೆಂದು ಅವರಿಗೂ ಅವರ ಮನೆಯಾಕೆಗೂ ತೋರಿಸಿದೆನು. ಕ್ಯಾಮರಾ ಹಾಕಿದಂದಿನಿಂದ ಆಕೆ ನೀರು ಸೇದುವಾಗಲೆಲ್ಲ ಕಂಬದ ಕಡೆಗೆ ನೋಡುತ್ತಿದ್ದರಂತೆ.

ಆ ಬಾವಿಕಟ್ಟೆಯ ಮಾತು ಚಿಕ್ಕದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹೊರಟ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದಿಂದ, ಖಾಸಗಿ ಬಾಳು ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಆದ ಕಾನೂನು, ಒಬ್ಬನು ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಅಡಿಕೆ ಕಾಯುವುದು ಮನೆಯ ಕೆಲಸ. ಇನ್ನೂರು ಜನರಿಗೆ ನೆರೆಯವನ ಮುಖವನ್ನು ಹಂಚುವುದೂ ಮನೆಯ ಕೆಲಸವೇ? ಚೆಕ್ ದೇಶದಲ್ಲಿ ಒಬ್ಬರ ಮನೆಯ ಕಿಟಕಿಯನ್ನು ಯಾರೋ ಕವಣೆ ಹೊಡೆದು ಒಡೆದರು. ಅವರು ಮಾಡಿನಡಿಯ ಕ್ಯಾಮರಾದ ದೃಶ್ಯವನ್ನು ಪೊಲೀಸರಿಗೆ ಕೊಟ್ಟರು. ಆ ಸಂಗತಿ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಯಿತು. ಮನೆಯ ಕ್ಯಾಮರಾ ಸಾರ್ವಜನಿಕ ಬೀದಿಯನ್ನು ನೋಡತೊಡಗಿದ ಮೇಲೆ ಅದು ಬರಿಯ ಮನೆಯ ಸಂಗತಿಯಾಗಿ ಉಳಿಯುವುದಿಲ್ಲವೆಂದೂ, ಆಸ್ತಿಯನ್ನೂ ಮನೆಯವರನ್ನೂ ಕಾಪಾಡಿಕೊಳ್ಳುವ ಅಗತ್ಯವನ್ನೂ ಗಣನೆಗೆ ತೆಗೆದುಕೊಳ್ಳಬಹುದೆಂದೂ ಅದು 2014ರ ಡಿಸೆಂಬರಿನಲ್ಲಿ ಹೇಳಿತು. ಅಲ್ಲಿಯದು ನಮಗೆ ಕಾನೂನಲ್ಲ. ಆದರೆ ವಿವೇಕಕ್ಕೆ ಗಡಿಯಿಲ್ಲ.

ನಮ್ಮ ನ್ಯಾಯಾಲಯಗಳಿಗೆ ಇಂಥ ದೃಶ್ಯವನ್ನು ಒಯ್ಯುವುದಕ್ಕೂ ಒಂದು ಕ್ರಮವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ಪ್ರತಿಯೊಡನೆ ಎರಡು ಭಾಗಗಳ ಪ್ರಮಾಣಪತ್ರವನ್ನು ಕೊಡಬೇಕು. ಒಂದಕ್ಕೆ ಉಪಕರಣದ ಹೊಣೆ ಹೊತ್ತವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಆ ಪತ್ರದಲ್ಲಿ, ಕಡತವನ್ನು ಒಂದಿಷ್ಟು ತಿದ್ದಿದರೂ ಬದಲಾಗಿ ಹೋಗುವ ಒಂದು ಗುರುತಿನ ಸಂಖ್ಯೆಯನ್ನು ಕಾಣಿಸಬೇಕು. ನ್ಯಾಯಾಧೀಶರೇ ಇಷ್ಟು ಕೇಳಿದ ಮೇಲೆ ನಂಬುವರು. ಊರಿನ ಗುಂಪು ಏನನ್ನೂ ಕೇಳದೆ ತೀರ್ಪು ಕೊಡುತ್ತದೆ.

ಅಧ್ಯಾಪಕ ಬಂಧುಗಳಿಗೆ ಇದು ಹೊಸತಲ್ಲ. ಇಬ್ಬರು ಮಕ್ಕಳು ಜಗಳವಾಡಿ ಬಂದರೆ ನಾವು ಮೊದಲು ಓಡಿ ಬಂದವನ ಮಾತನ್ನು ಕೇಳಿ ಎರಡನೆಯವನಿಗೆ ಬೆತ್ತ ತೋರಿಸುವುದಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ, ಅದಕ್ಕೆ ಮೊದಲು ಏನಾಯಿತು ಎಂದು ಕೇಳುತ್ತೇವೆ. ವಿದ್ಯಾರ್ಥಿಗಳೂ ಈ ಪ್ರಶ್ನೆಯನ್ನು ಕಲಿತುಕೊಳ್ಳಲಿ. ಮೊಬೈಲಿನಲ್ಲಿ ಯಾರದೋ ಜಗಳದ ತುಣುಕು ಬಂದಾಗ, ಇದಕ್ಕೆ ಮೊದಲು ಏನಾಯಿತು, ಚೌಕಟ್ಟಿನ ಹೊರಗೆ ಏನಿತ್ತು ಎಂದು ಕೇಳಲಿ. ಮನೆಯಲ್ಲಿ ಕ್ಯಾಮರಾ ಇರುವವರು ಅದನ್ನು ತಮ್ಮ ಅಂಗಳದ ಮೇಲೆ ಇಡಲಿ. ಅದು ಏನನ್ನು ಕಾಣುತ್ತದೆಂದು ನೆರೆಯವರಿಗೆ ತಾವಾಗಿಯೇ ತೋರಿಸಲಿ. ಕೊಡಬೇಕಾದಾಗ ಕತ್ತರಿಸದೆ ಕೊಡಲಿ, ತೀರ್ಮಾನ ಮಾಡಬೇಕಾದವರ ಕೈಗೆ ಕೊಡಲಿ.

ನೆರೆಮನೆಯವರೊಡನೆ ನಮ್ಮ ಮಾತು ಈಗಲೂ ಹೆಚ್ಚಿಲ್ಲ. ಅವರ ಗಂಟಲು ಹಾಗೆಯೇ ಇದೆ. 2025ರ ಮೇ ತಿಂಗಳಿನಲ್ಲಿ ಅವರೂ ನನ್ನ ಮೈದುನನೂ ಒಂದು ಬೆಳಗ್ಗೆ ಮೋರಿಯ ಕೆಸರನ್ನು ತೆಗೆದರು. ಇಬ್ಬರೂ ಬೇಕಾದಷ್ಟೇ ಮಾತನಾಡಿದರು. ಆ ಸಲದ ಮಳೆಗೆ ನೀರು ತನ್ನ ದಾರಿಯಲ್ಲಿ ಹರಿದುಹೋಯಿತು.