ಸೂಲಂಗಿಯ ಜಗಳ

ಬೂಕನಕೆರೆ ಹೋಬಳಿಯ ಸರ್ಕಾರಿ ಶಾಲೆಗೆ ನಾನು ವಿಜ್ಞಾನದ ಮೇಷ್ಟ್ರಾಗಿ ಬಂದ ಕಾಲಕ್ಕೆ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಫೆಬ್ರವರಿ ಬಂತೆಂದರೆ ಹೊತ್ತು ಮುಳುಗುವವರೆಗೂ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಿದ್ದೆವು. ದ್ಯುತಿಸಂಶ್ಲೇಷಣೆ ಎಂದರೇನು ಅಂದರೆ ಇಡೀ ಕೊಠಡಿ ಒಂದೇ ರಾಗದಲ್ಲಿ ಒಪ್ಪಿಸುತ್ತಿತ್ತು. ಅದೇ ಮಕ್ಕಳಿಗೆ ಕಿಟಕಿಯಾಚೆಯ ಕಬ್ಬಿನ ಗದ್ದೆ ತೋರಿಸಿ, ‘ಆ ಸಿಹಿ ಎಲ್ಲಿಂದ ಬಂತ್ರಪ್ಪ?’ ಎಂದರೆ ‘ಗೊಬ್ಬರದಿಂದ ಸಾರ್’ ಎನ್ನುತ್ತಿದ್ದರು. ಅವರ ಉತ್ತರ ಪತ್ರಿಕೆಗಳಿಗೆ ಪೂರ್ತಿ ಅಂಕ ಹಾಕಿದ ಕೈ ನನ್ನದು. ಆ ಸಂಕಟ ಇವತ್ತಿಗೂ ಹೋಗಿಲ್ಲ.

2000ದ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ಕನ್ನಡದಲ್ಲೇ ಆಟದ ರೂಪದ ಪಾಠಗಳ ಸಿ.ಡಿ. ಮಾಡಿದ್ದರು. ತರಬೇತಿಯೊಂದರಲ್ಲಿ ನೋಡಿದೆ: ಒಂದು ಕಂಪ್ಯೂಟರಿನ ಮುಂದೆ ನಾಲ್ಕು ಮಕ್ಕಳು, ಮೌಸ್ ಹಿಡಿದವನ ಭುಜ ಅಲ್ಲಾಡಿಸುತ್ತ ‘ಅದಲ್ಲ ಕಣೋ, ಇದು’ ಎಂದು ಕೂಗಾಡುತ್ತಿದ್ದರು. ಆ ಕೂಗಾಟ ನನ್ನ ಕಿವಿಯಲ್ಲಿ ಉಳಿಯಿತು.

2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ ಮೇಲೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು. ಉದ್ದೇಶ ಒಳ್ಳೆಯದೇ. ನಮ್ಮ ಕೈಗೆ ಬರುವಷ್ಟರಲ್ಲಿ ಅದು ದಾಖಲೆ ಪುಸ್ತಕ ತುಂಬುವ ಕೆಲಸವಾಯಿತು.

ಆಮೇಲೆ ಫೋನು ಬಂತು. ನಾರ್ವೆಯಲ್ಲಿ 2013ರಲ್ಲಿ ಶುರುವಾದ ಕಹೂಟ್ ಎಂಬ ರಸಪ್ರಶ್ನೆ ಆಟವನ್ನು ನಾನೂ ಆಡಿ ನೋಡಿದೆ. ಗುಂಪಾಗಿ ಆಡಬಹುದು, ಆದರೆ ಗುಂಪಿಗೊಂದು ಫೋನು ಬೇಕು. ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಯೋಚಿಸುವ ಮಗುವಿಗೆ ಇದು ಅನ್ಯಾಯ ಅನ್ನಿಸಿತು. ನಮಗೆ ಹೊಂದಿದ್ದು ಪ್ಲಿಕರ್ಸ್ ಎಂಬ ಆಪ್. ಗುಂಪಿಗೊಂದು ಕಾರ್ಡು ಮುದ್ರಿಸಿ, ರಟ್ಟಿಗೆ ಅಂಟಿಸಿ ಕೊಟ್ಟರೆ ಸಾಕು. ಕಾರ್ಡನ್ನು ಯಾವ ಮಗ್ಗುಲಿಗೆ ತಿರುಗಿಸಿ ಹಿಡಿಯುತ್ತಾರೋ ಅದೇ ಉತ್ತರ. ನನ್ನ ಒಂದೇ ಫೋನಿನ ಕ್ಯಾಮೆರಾ ಕೊಠಡಿಯನ್ನು ಸವರಿದರೆ ಯಾರದು ಸರಿ, ಯಾರದು ತಪ್ಪು ಎಂದು ಪರದೆಯ ಮೇಲೆ ಮೂಡುತ್ತಿತ್ತು. ಮಾತಾಡಿಕೊಳ್ಳಲು ಒಂದು ನಿಮಿಷ ಕೊಡುತ್ತಿದ್ದೆ.

ಒಂದು ದಿನ ಕೇಳಿದ್ದು: ಕಬ್ಬಿನ ಹೊಸ ಗಿಡ ಯಾವುದರಿಂದ ಬರುತ್ತದೆ? ಬೇರು, ಕಾಂಡ, ಎಲೆ, ಬೀಜ. ಐದು ಗುಂಪುಗಳು ‘ಕಾಂಡ’ ತೋರಿಸಿದವು. ಕಿಟಕಿ ಪಕ್ಕದ ಗುಂಪಿನ ಕಾರ್ಡು ಮೇಲೇಳಲೇ ಇಲ್ಲ. ಹತ್ತಿರ ಹೋದೆ.

‘ತುಂಡು ಮಾಡಿ ಹೂಳ್ತೀವಲ್ಲ, ಗಿಣ್ಣಲ್ಲಿ ಕಣ್ಣು ಒಡೀತದೆ. ಕಾಂಡ ಕಣೇ’ ಎನ್ನುತ್ತಿದ್ದ ಒಬ್ಬ. ವರ್ಷವೆಲ್ಲ ಬಾಯಿ ಬಿಡದ ಹುಡುಗ ಅವನು.

‘ಹಂಗಾದ್ರೆ ಸೂಲಂಗಿ ಯಾಕೋ ಬತ್ತದೆ? ಹೂವು ಅಂದ್ಮೇಲೆ ಬೀಜ ಇರ್ಬೇಕಲ್ಲ?’ ಎಂದಳು ಎದುರಿನವಳು.

ನಿಮಿಷ ಮುಗಿಯಿತು. ಆ ಗುಂಪಿಗೆ ಸೊನ್ನೆ. ಅಷ್ಟು ವರ್ಷ ಪಾಠ ಮಾಡಿದವನಿಗೆ ಆ ಹುಡುಗಿಯ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಹೇಳಿದ್ದರಲ್ಲಿ ಹುರುಳಿತ್ತು. ಕೊಯಮತ್ತೂರಿನಲ್ಲಿ 1912ರಿಂದ ಇರುವ ಕಬ್ಬು ತಳಿ ಸಂಸ್ಥೆಯಲ್ಲಿ ಸೂಲಂಗಿಯ ಬೀಜ ಬಿತ್ತಿಯೇ ಹೊಸ ತಳಿ ಹುಟ್ಟಿಸುತ್ತಾರೆ. ನಮ್ಮ ಜಿಲ್ಲೆಯವರು ನಾಟಿ ಮಾಡುವ ಕೋ 86032 ಕೂಡ ಹಾಗೆ ಬಂದದ್ದು. ರೈತ ತುಂಡು ಹೂಳುವುದು ತನಗೆ ಬೇಕಾದ ತಳಿ ಹಾಗೇ ಉಳಿಯಲಿ ಎಂದು.

ಅವತ್ತಿನಿಂದ ಅಂಕ ನೋಡುವ ಮೊದಲು ಗುಂಪುಗಳ ನಡುವೆ ಓಡಾಡಿ ಮಾತು ಕೇಳುವುದನ್ನು ರೂಢಿ ಮಾಡಿಕೊಂಡೆ. ಗುಂಪಿನ ಅಂಕದ ಹಿಂದೆ ಅಡಗಿ ಕೂತ ಮಗುವೂ ಆಗಲೇ ಕಾಣುವುದು. ಕೇಳಿದ್ದನ್ನು ಹೆಸರಿನ ಮುಂದೆ ಬರೆದಿಡುತ್ತಿದ್ದೆ. ದಾಖಲೆ ಪುಸ್ತಕಕ್ಕೆ ಮೊದಲ ಬಾರಿ ಅರ್ಥ ಬಂತು.

ಆ ಜಗಳದ ಮಾರನೆಯ ಬೆಳಗ್ಗೆ ಹುಡುಗ ಮೂರು ಗಿಣ್ಣಿನ ತುಂಡು ತಂದ, ಹುಡುಗಿ ಒಂದು ಸೂಲಂಗಿ. ಎರಡು ಹಳೆಯ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ಕಿಟಕಿಯಲ್ಲಿಟ್ಟರು. ಮೂರನೇ ವಾರಕ್ಕೆ ಗಿಣ್ಣು ಒಡೆದು ಹಸಿರು ಮೊನೆ ಬಂತು. ಸೂಲಂಗಿ ಉದುರಿಸಿದ ಡಬ್ಬದಲ್ಲಿ ಏನೂ ಹುಟ್ಟಲಿಲ್ಲ. ಆ ಹುಡುಗಿ ಮಾರ್ಚ್‌ವರೆಗೂ ಎರಡಕ್ಕೂ ನೀರು ಹಾಕಿದಳು.