ಏಣಿಯ ಎಷ್ಟನೆಯ ಮೆಟ್ಟಿಲು?

ಕರಾವಳಿಯ ಊರುಗಳಲ್ಲಿ ಹೊಸಬರನ್ನು ಕಂಡೊಡನೆ ಹಿರಿಯರು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಮೊದಲನೆಯದು, ‘ಯಾವೂರು?’ ಎರಡನೆಯದು, ‘ಯಾರ ಮನೆ?’ ಹೆಸರು ಕೇಳುವುದು ಆಮೇಲೆ. ಹೊರಗಿನವರಿಗೆ ಇದು ಬರಿಯ ಕುತೂಹಲವಾಗಿ ಕಾಣಬಹುದು. ಆದರೆ ಈ ಎರಡು ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಕೊಡಬಲ್ಲವರಿಗೆ ಈ ಲೋಕದಲ್ಲಿ ತಮ್ಮದೆಂಬ ಒಂದು ಸ್ಥಾನವಿದೆಯೆಂದು ಅರ್ಥ. ತಡವರಿಸುವವರ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾರ್ಕಳದಿಂದ ಮಣಿಪಾಲಕ್ಕೆ ಬಂದ ಒಬ್ಬ ಗೃಹಿಣಿಯ ವೃತ್ತಾಂತ ಅಂಥದು. ಚತುರ್ಮುಖ ಬಸದಿಯ ಗುಡ್ಡದ ಕೆಳಗೆ, ಹಂಚಿನ ಮಾಡಿನ ಒಂದು ಬಾಡಿಗೆ ಮನೆಯಲ್ಲಿ, ಆಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ನಡೆಸಿದ್ದರು. ಯಜಮಾನರು ಪ್ರೌಢಶಾಲೆಯ ಮೇಷ್ಟ್ರು. ಆಷಾಢದ ಮಳೆಗೆ ಮಾಡು ಸೋರುತ್ತಿತ್ತು. ಎಲ್ಲೆಲ್ಲಿ ಯಾವ ಪಾತ್ರೆ ಇಡಬೇಕೆಂಬುದು ಆಕೆಗೆ ಬಾಯಿಪಾಠವಾಗಿತ್ತು. ಆದರೂ ಓಣಿಯಲ್ಲಿ ಸೀಮಂತವಾಗಲಿ, ನಾಮಕರಣವಾಗಲಿ, ಮೊದಲ ಕರೆ ಆ ಮನೆಗೆ. ಮಿಡಿ ಮಾವಿನಕಾಯಿಗೆ ಉಪ್ಪು ಎಷ್ಟು, ಬಾಣಂತಿಗೆ ಯಾವ ಕಷಾಯ, ಪರೀಕ್ಷೆಯಲ್ಲಿ ಸೋತ ಹುಡುಗನನ್ನು ಸಂತೈಸುವವರು ಯಾರು ಎಂಬ ಪ್ರಶ್ನೆಗಳಿಗೆಲ್ಲ ಓಣಿಗೆ ತಿಳಿದಿದ್ದ ಉತ್ತರ ಒಂದೇ: ‘ಮೇಷ್ಟ್ರ ಮನೆಯ ಅಕ್ಕನನ್ನು ಕೇಳಿ.’ 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟನ 42 ಅಡಿಯ ಎತ್ತರ ಆ ಊರಿನಲ್ಲಿ ಯಾರನ್ನೂ ಕುಗ್ಗಿಸಿರಲಿಲ್ಲ. ಆತ ಎಲ್ಲರಿಗೂ ಸಮನಾಗಿ ದೊಡ್ಡವನಾಗಿದ್ದ.

ಮೇಷ್ಟ್ರು ನಿವೃತ್ತರಾದರು. ಪರದೇಶದಲ್ಲಿದ್ದ ಮಗನು ಮಣಿಪಾಲದಲ್ಲಿ ಒಂಬತ್ತನೆಯ ಅಂತಸ್ತಿನ ಫ್ಲ್ಯಾಟೊಂದನ್ನು ಕೊಂಡು, ತಂದೆತಾಯಿಗಳನ್ನು ಅಲ್ಲಿಗೆ ಕರೆತಂದನು. ಮಣಿಪಾಲವೆಂದರೆ ಮೇಲೇರಿದವರ ಊರು. ಒಂದು ಕಾಲದಲ್ಲಿ ಬೋಳು ಗುಡ್ಡವಾಗಿದ್ದ ಈ ಸ್ಥಳದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಬಳಿಕ ಊರಿನ ಚಹರೆಯೇ ಬದಲಾಯಿತು. ಅದಕ್ಕೂ ಮೊದಲು, 1925ರಲ್ಲಿ ಅವರು ಸಂಗಡಿಗರೊಡನೆ ಉಡುಪಿಯಲ್ಲಿ ಆರಂಭಿಸಿದ್ದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲನ್ನೂ ತಟ್ಟಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಎರಡಾಣೆಯವರನ್ನೂ ಗಿರಾಕಿಯೆಂದು ಕರೆದ ಆ ಬಾಗಿಲು ತಟ್ಟುವಿಕೆಯಲ್ಲಿ ಹಣಕ್ಕಿಂತ ಹೆಚ್ಚಿನದೊಂದು ಮರ್ಯಾದೆ ಇತ್ತು.

ಒಂಬತ್ತನೆಯ ಅಂತಸ್ತಿನ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ಎದುರು ಬಾಗಿಲಿನ ನಾಮಫಲಕದಲ್ಲಿ ಗಂಡಹೆಂಡಿರಿಬ್ಬರ ಪದವಿಗಳೂ ಹೊಳೆಯುತ್ತಿದ್ದವು. ಲಿಫ್ಟಿನಲ್ಲಿ ಸಿಕ್ಕ ಹುಡುಗಿಯರು ಸೌಜನ್ಯದಿಂದಲೇ, ‘ಆಂಟಿ, ಯಾವ ಫ್ಲೋರ್?’ ಎಂದು ಕೇಳಿ ಗುಂಡಿಯನ್ನು ಒತ್ತುತ್ತಿದ್ದರು. ‘ಯಾರ ಮನೆ?’ ಎಂದು ಮಾತ್ರ ಯಾರೂ ಕೇಳಲಿಲ್ಲ. ಕಿಟಕಿಯಿಂದ ನೋಡಿದರೆ ಪಡುವಣದಲ್ಲಿ ಕಡಲಿನ ಗೆರೆ ಕಾಣುತ್ತಿತ್ತು. ಮಾಡು ಸೋರುತ್ತಿರಲಿಲ್ಲ. ಪಾತ್ರೆಗಳನ್ನು ಇಡಬೇಕಾದ ಜಾಗವೂ ಇರಲಿಲ್ಲ.

ಮೊದಲು ರಂಗೋಲಿ ನಿಂತಿತು, ಅಂಗಳವಿಲ್ಲವೆಂಬ ನೆವದಿಂದ. ಆಮೇಲೆ ಮುಡಿಗೆ ಹೂವಿಡುವುದು ನಿಂತಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಅನ್ನಕ್ಕೆ ರುಚಿಯಿಲ್ಲ, ಮೈಯೆಲ್ಲ ನೋವು. ಮೇಷ್ಟ್ರು ಅದನ್ನು ಗ್ಯಾಸ್ಟ್ರಿಕ್ ಎಂದು ತಿಳಿದು ಜೀರಿಗೆ ಕಷಾಯ ಮಾಡಿಕೊಟ್ಟರು. ಮಗನು ಫೋನಿನಲ್ಲಿ, ‘ಇಷ್ಟೆಲ್ಲ ಇದ್ದೂ ನಿನಗೇನಮ್ಮ ಕೊರತೆ?’ ಎಂದನು. ಪ್ರೀತಿಯಿಂದ ಆಡಿದ ಆ ಮಾತು ಆಕೆಯನ್ನು ಇನ್ನಷ್ಟು ಕೆಳಕ್ಕೆ ತಳ್ಳಿತು. ಕೊರತೆ ಏನೆಂದು ಹೇಳಲಾರದೆ, ಕೃತಜ್ಞತೆಯಿಲ್ಲದವಳು ತಾನೆಂಬ ಪಾಪಭಾವವೂ ಸೇರಿಕೊಂಡಿತು. ಒಂದು ಸಂಜೆ ಕೊತ್ತಂಬರಿ ಸೊಪ್ಪು ಬಿಡಿಸುತ್ತ, ಹವಾಮಾನದ ಮಾತಾಡುವವರಂತೆ, ‘ನಾನಿಲ್ಲದಿದ್ದರೂ ಈ ಮನೆ ಹೀಗೆಯೇ ನಡೆಯುತ್ತದೆ, ಅಲ್ಲವೇ?’ ಎಂದರು. ಮೇಷ್ಟ್ರ ಕೈಯಲ್ಲಿದ್ದ ಪತ್ರಿಕೆ ಜಾರಿತು. ಮರುದಿನವೇ ಅವರು ಹೆಂಡತಿಯನ್ನು ಮನೋವೈದ್ಯರ ಬಳಿಗೆ ಕರೆದೊಯ್ದರು.

ವೈದ್ಯರು ಎಲ್ಲವನ್ನೂ ಕೇಳಿಕೊಂಡ ಮೇಲೆ ಒಂದು ಕಾಗದದಲ್ಲಿ ಹತ್ತು ಮೆಟ್ಟಿಲುಗಳ ಏಣಿಯನ್ನು ಬರೆದರು. ‘ಅಮ್ಮಾ, ನಿಮ್ಮ ಸುತ್ತಮುತ್ತಲಿನವರೆಲ್ಲ ಈ ಏಣಿಯ ಮೇಲೆ ನಿಂತಿದ್ದಾರೆಂದು ಇಟ್ಟುಕೊಳ್ಳಿ. ಎಲ್ಲರೂ ಮನ್ನಿಸುವವರು ಮೇಲೆ, ಯಾರೂ ಲೆಕ್ಕಕ್ಕಿಡದವರು ಕೆಳಗೆ. ನೀವು ಎಲ್ಲಿದ್ದೀರಿ?’ ಎಂದು ಕೇಳಿದರು. ಆಕೆ ಎರಡನೆಯ ಮೆಟ್ಟಿಲಿನ ಮೇಲೆ ಗುರುತು ಹಾಕಿದರು. ಅದೇ ಪ್ರಶ್ನೆಗೆ ಮೇಷ್ಟ್ರು ಏಳನೆಯದನ್ನು ತೋರಿಸಿದರು. ‘ಕಾರ್ಕಳದಲ್ಲಿದ್ದಾಗ?’ ಎಂದು ವೈದ್ಯರು ಮತ್ತೆ ಕೇಳಿದಾಗ ಆಕೆಯ ಬೆರಳು ಯೋಚಿಸದೆಯೇ ಎಂಟನೆಯದಕ್ಕೆ ಹೋಯಿತು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರು ಐದು ಮೆಟ್ಟಿಲುಗಳ ಅಂತರದಲ್ಲಿ ಬದುಕುತ್ತಿದ್ದರೆಂಬುದು ಮೇಷ್ಟ್ರಿಗೆ ಅಂದು ತಿಳಿಯಿತು.

ಈ ಏಣಿ ಆ ವೈದ್ಯರ ಕಲ್ಪನೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಬಳಸಿದ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮನುಷ್ಯನ ಸಂಪಾದನೆ, ವಿದ್ಯೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಬಳಿಕವೂ, ತಾನು ಎಲ್ಲಿ ನಿಂತಿದ್ದೇನೆಂಬ ಆತನ ಸ್ವಂತ ಭಾವನೆಗೂ ಆರೋಗ್ಯಕ್ಕೂ ನಂಟು ಉಳಿಯುತ್ತದೆಂದು ಅಂಥ ಅನೇಕ ಅಧ್ಯಯನಗಳು ತೋರಿಸಿವೆ. ಲಂಡನ್ನಿನ ಸರ್ಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ ಪ್ರಸಿದ್ಧ ಅಧ್ಯಯನದಲ್ಲಿಯೂ ಇಂಥದೇ ಸಂಗತಿ ಕಂಡಿತ್ತು. ಅವರಲ್ಲಿ ಉಪವಾಸವಿದ್ದವರು ಯಾರೂ ಇರಲಿಲ್ಲ. ಆದರೂ ಅಧಿಕಾರದ ಒಂದೊಂದು ಮೆಟ್ಟಿಲು ಕೆಳಗಿಳಿದಂತೆ ಸಾವಿನ ಪ್ರಮಾಣ ಏರುತ್ತ ಹೋಗಿತ್ತು.

ಉಡುಪಿಯ ನೆಲಕ್ಕೂ ಈ ವಿಚಾರ ಹೊಸದಲ್ಲ. ಎಡಿನ್‌ಬರೋದ ಮನೋವೈದ್ಯ ಕಾರ್‌ಸ್ಟೇರ್ಸ್ ಮತ್ತು ಭಾರತೀಯ ಮನೋವೈದ್ಯ ಆರ್.ಎಲ್. ಕಪೂರ್ ಅವರು ಉಡುಪಿಯ ಉತ್ತರಕ್ಕಿರುವ ಕೋಟದಲ್ಲಿ, ಶಿವರಾಮ ಕಾರಂತರ ಹುಟ್ಟೂರಿನಲ್ಲಿ, ಬ್ರಾಹ್ಮಣ, ಬಂಟ, ಮೊಗವೀರ ಮನೆಗಳ ಜನರ ಮಾನಸಿಕ ಸ್ಥಿತಿಯನ್ನು ಅಭ್ಯಸಿಸಿ 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಳಿಯಕಟ್ಟು ಸಡಿಲವಾಗುತ್ತಿದ್ದ ಕಾಲ ಅದು. ಮನೆಯೊಳಗೆ ಯಾರ ಸ್ಥಾನ ಯಾವುದೆಂಬುದೇ ಬದಲಾಗುತ್ತಿತ್ತು. ಮನಸ್ಸಿನ ನೋವನ್ನು ಆ ಬದಲಾವಣೆಯ ಜೊತೆಗಿಟ್ಟು ನೋಡಬೇಕೆಂದು ಅವರು ಬಗೆದರು. ನೋವುಂಡವರು ವೈದ್ಯರ ಬಳಿಗೆ ಮಾತ್ರವಲ್ಲದೆ ಮಂತ್ರವಾದಿಗಳ ಬಳಿಗೂ ಪಾತ್ರಿಗಳ ಬಳಿಗೂ ಹೋಗುತ್ತಿದ್ದುದನ್ನು ಕಪೂರ್ ಹಾಸ್ಯ ಮಾಡದೆ ದಾಖಲಿಸಿದರು.

ಮಾತ್ರೆಗಳನ್ನು ಆರಂಭಿಸಿದ ಮೇಲೆ ನಿದ್ದೆ ಸ್ವಲ್ಪ ಮರಳಿತು. ಆಗ ಆಕೆ ಕಾಪುವಿನಲ್ಲಿದ್ದ ತಂಗಿಯ ಮನೆಗೆ ಎರಡು ವಾರ ಹೋದರು. 1901ರ ದೀಪಸ್ತಂಭಕ್ಕೆ ಹೆಚ್ಚು ದೂರವಲ್ಲದ ಮನೆ ಅದು. ತಂಗಿಯ ಹಿತ್ತಿಲಿನ ತುಂಬ ಮಲ್ಲಿಗೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಕ್ಕನ ಬೆರಳುಗಳಿಗೆ ಹಳೆಯ ಅಭ್ಯಾಸ ಮರಳಿತು. ಹೂ ಒಯ್ಯಲು ಬಂದ ಹುಡುಗನು, ‘ಇದು ಯಾರ ಕೈ ಅಕ್ಕಾ? ಒಂದೇ ಸಮ ಉಂಟು’ ಎಂದನು. ಅಂದು ಆಕೆ ಎರಡು ದೋಸೆ ತಿಂದರು.

ಆದರೆ ಕಾಪುವಿನಲ್ಲಿ ಸುಖವೇ ತುಂಬಿತ್ತೆಂದು ತಿಳಿಯಬಾರದು. ಪಕ್ಕದಲ್ಲಿ ಕೊಲ್ಲಿಯ ಹಣದಿಂದ ಎದ್ದ ಮೂರಂತಸ್ತಿನ ಮನೆಯ ನೆರಳು ಮಲ್ಲಿಗೆಯ ಒಂದು ಸಾಲಿನ ಮೇಲೆ ಬಿದ್ದು, ಆ ಗಿಡಗಳು ಸರಿಯಾಗಿ ಹೂ ಬಿಡುತ್ತಿರಲಿಲ್ಲ. ಮಳೆಗಾಲದಲ್ಲಿ ಕಡಲಕೊರೆತದ ಸದ್ದಿಗೆ ತಂಗಿಗೂ ನಿದ್ದೆಯಿಲ್ಲ. ‘ಅವರು ಎತ್ತರದಲ್ಲಿದ್ದಾರೆ ಅಕ್ಕಾ, ನೀರು ಬಂದರೆ ಮೊದಲು ನಮಗೇ’ ಎಂದು ಆಕೆ ಹೇಳಿದಾಗ, ಏಣಿ ತನ್ನೊಬ್ಬಳ ಮನಸ್ಸಿನಲ್ಲಿರುವುದಲ್ಲ, ಊರೂರಿನಲ್ಲಿಯೂ ನಿಂತಿದೆಯೆಂದು ಅಕ್ಕನಿಗೆ ಹೊಳೆಯಿತು.

ನಿಜಕ್ಕೂ, ಕೆಳಗೆ ನಿಂತಿದ್ದೇನೆಂಬ ಭಾವನೆಯನ್ನು ಬರಿಯ ಭ್ರಮೆಯೆನ್ನುವುದು ನಿರ್ದಯತೆ. ಎಷ್ಟೋ ಮಂದಿಯನ್ನು ಸಮಾಜವೇ ಕೆಳಗೆ ನಿಲ್ಲಿಸಿದೆ. ಇದೇ ಜಿಲ್ಲೆಗಳಲ್ಲಿ ಕೊರಗ ಸಮುದಾಯದವರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಉಡುಪಿಯ ರಥಬೀದಿಗೆ ಹೋದವರೆಲ್ಲ ಕನಕನ ಕಿಂಡಿಯ ಮುಂದೆ ಕೈಮುಗಿಯುತ್ತಾರೆ. ಹೊರಗೆ ನಿಲ್ಲಿಸಲ್ಪಟ್ಟ ಭಕ್ತನ ಕಡೆಗೆ ದೇವರೇ ತಿರುಗಿದನೆಂಬ ಐತಿಹ್ಯವನ್ನು ಮಕ್ಕಳಿಗೆ ಹೇಳುತ್ತಾರೆ. ಮನೆಗೆ ಮರಳಿದ ಮೇಲೆ ಪಕ್ಕದ ಬಾಗಿಲಿನವರ ಕಡೆಗೆ ತಿರುಗುವವರು ಎಷ್ಟು ಮಂದಿ?

ಹಾಗಾದರೆ ಒಳ್ಳೆಯ ಬಡಾವಣೆಗೆ ಹೋದರೆ ಸಾಕೇ? ಅಮೆರಿಕದಲ್ಲಿ 1994ರಿಂದ 1998ರವರೆಗೆ ಐದು ನಗರಗಳ ಸುಮಾರು 4,600 ಬಡ ಕುಟುಂಬಗಳನ್ನು ಚೀಟಿಯೆತ್ತಿ ವಿಂಗಡಿಸಿ, ಕೆಲವರಿಗೆ ಉತ್ತಮ ನೆರೆಗೆ ಹೋಗಲು ನೆರವು ನೀಡಲಾಯಿತು. ಹತ್ತು ಹದಿನೈದು ವರ್ಷಗಳ ಬಳಿಕ ನೋಡಿದರೆ, ಹಾಗೆ ಹೋದ ಹಿರಿಯರ ಸಂಪಾದನೆ ಹೆಚ್ಚಿರಲಿಲ್ಲ, ನೆಮ್ಮದಿ ಹೆಚ್ಚಿತ್ತು. ಹೆಣ್ಣುಮಕ್ಕಳಲ್ಲಿ ಖಿನ್ನತೆ ಕಡಿಮೆಯಾಗಿತ್ತು; ಆದರೆ ಗಂಡುಹುಡುಗರಲ್ಲಿ ಹೆಚ್ಚಾಗಿತ್ತು. ಮನೆ ಬದಲಾದ ಮಾತ್ರಕ್ಕೆ ಎಲ್ಲರ ಮನಸ್ಸೂ ಅಲ್ಲಿ ಬೇರೂರುವುದಿಲ್ಲ. ಇನ್ನೊಂದು ಪ್ರಯೋಗದಲ್ಲಿ, ಫಿಲಡೆಲ್ಫಿಯ ನಗರದ 541 ಪಾಳು ನಿವೇಶನಗಳನ್ನು ಆರಿಸಿಕೊಂಡು, ಕೆಲವನ್ನು ಶುಚಿಗೊಳಿಸಿ ಹುಲ್ಲು, ಗಿಡ ನೆಟ್ಟರು. ಕೆಲವನ್ನು ಹಾಗೆಯೇ ಬಿಟ್ಟರು. ಹಸಿರಾದ ನಿವೇಶನಗಳ ಬಳಿಯಿದ್ದವರಲ್ಲಿ, ಮನಸ್ಸು ಕುಗ್ಗಿದೆಯೆನ್ನುವವರ ಪ್ರಮಾಣ ಶೇಕಡ 40ಕ್ಕೂ ಹೆಚ್ಚು ಇಳಿದುದಾಗಿ 2018ರ ವರದಿ ತಿಳಿಸಿತು. ಓಣಿಯ ಮೂಲೆಯ ಕಸದ ರಾಶಿ ಮೂಗಿಗೆ ಮಾತ್ರ ಸಂಬಂಧಿಸಿದ್ದಲ್ಲ. ‘ನಿಮ್ಮನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ’ ಎಂದು ಅದು ದಿನವೂ ಹೇಳುತ್ತಿರುತ್ತದೆ.

ಮೇಷ್ಟ್ರು ಇದನ್ನೆಲ್ಲ ಓದಿದವರಲ್ಲ. ಆದರೆ ಏಣಿಯ ಕಾಗದವನ್ನು ಅವರು ಮಡಚಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ದಿನವೂ ಸಂಜೆ ಹೆಂಡತಿಯೊಡನೆ ಮಣ್ಣಪಳ್ಳದ ಕೆರೆಯ ಸುತ್ತ ನಡೆಯತೊಡಗಿದರು. ಕಾಪುವಿನಿಂದ ತಂದ ಮಲ್ಲಿಗೆಯ ಆರು ಗಿಡಗಳನ್ನು ಕಟ್ಟಡದ ತಾರಸಿಯಲ್ಲಿ ಕುಂಡಗಳಲ್ಲಿ ನೆಟ್ಟರು. ಎದುರು ಬಾಗಿಲಿನ ಡಾಕ್ಟರಮ್ಮ ಒಂದು ದಿನ ತಾರಸಿಗೆ ಬಟ್ಟೆ ಹರವಲು ಬಂದವರು ಅಲ್ಲಿಯೇ ನಿಂತು, ‘ನಮ್ಮ ಅಜ್ಜಿಯೂ ಹೀಗೆಯೇ ಕಟ್ಟುತ್ತಿದ್ದರು. ನನಗೆ ಬರುವುದಿಲ್ಲ, ಕಲಿಸಿಕೊಡುತ್ತೀರಾ ಅಮ್ಮಾ?’ ಎಂದರು. ಆ ನಾಮಫಲಕದ ಹಿಂದೆಯೂ ಮಾತಿಗಾಗಿ ಹಂಬಲಿಸುವ ಒಬ್ಬ ಹೆಂಗಸಿದ್ದಳೆಂಬುದು ಅಂದು ತಿಳಿಯಿತು. ಆಕೆಯೂ ಯಾವುದೋ ಊರಿನ, ಯಾರದೋ ಮನೆಯ ಮಗಳು. ಇಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರು ಬಾಳಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ತುತ್ತಾಗುತ್ತಾರೆ. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆಯುವುದಿಲ್ಲ. ಹೂ ಕಟ್ಟಿದ ಮಾತ್ರಕ್ಕೆ ವ್ಯಾಧಿ ಗುಣವಾಗುವುದಿಲ್ಲ. ವೈದ್ಯರೂ ಬೇಕು, ನೆರೆಯವರೂ ಬೇಕು. ವೈದ್ಯರ ಬಳಿಗೆ ಹೋಗಲು ಹಿಂಜರಿಯುವವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. 2022ರಿಂದ ಆ ಸೌಕರ್ಯವಿದೆ.

ಆರು ತಿಂಗಳ ಬಳಿಕ ವೈದ್ಯರು ಮತ್ತೆ ಏಣಿಯನ್ನು ಬರೆದು ಮುಂದಿಟ್ಟರು. ಆಕೆ ಬಹಳ ಹೊತ್ತು ಯೋಚಿಸಿ ಐದನೆಯ ಮೆಟ್ಟಿಲಿನ ಮೇಲೆ ಗುರುತು ಹಾಕಿದರು. ಮೇಷ್ಟ್ರು ಈ ಸಲ ತಮ್ಮ ಗುರುತನ್ನು ಹಾಕಲಿಲ್ಲ. ಹೆಂಡತಿಯ ಗುರುತನ್ನೇ ನೋಡುತ್ತ ಕುಳಿತರು. ಗುಳಿಗೆಗಳು ಇನ್ನೂ ನಡೆಯುತ್ತಿವೆ. ಶುಕ್ರವಾರ ಬೆಳಗ್ಗೆ ಒಂಬತ್ತನೆಯ ಅಂತಸ್ತಿನ ಬಾಗಿಲನ್ನು ಯಾರೋ ತಟ್ಟುತ್ತಾರೆ. ಬಾಳೆನಾರನ್ನು ನೆನೆಹಾಕುತ್ತಿದ್ದ ಆಕೆ ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ, ‘ಬಂದೆ, ಬಂದೆ’ ಎಂದು ಏಳುತ್ತಾರೆ.